ಹಳೆಯ ಔಟ್‌ಬೋರ್ಡ್ ಮೋಟರ್‌ನ ಪ್ರೊಪೆಲ್ಲರ್ ಕಳಚಿಕೊಳ್ಳುತ್ತಿಲ್ಲ: ಹಿಡಿದಿರುವುದು ಪಿನ್ನೋ, ತುಕ್ಕೋ?

ದೋಣಿಯಾತ್ರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1950ರ ದಶಕದ, ದೋಣಿಯ ಹಿಂಬದಿಗೆ ಸಿಕ್ಕಿಸುವ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟರ್ ಒಂದಿದೆ. ನಮ್ಮ ತಂದೆಯವರು ಬಳಸುತ್ತಿದ್ದ ಈ ಯಂತ್ರ ಬಹಳ ವರ್ಷಗಳಿಂದ ಮೂಲೆಯಲ್ಲಿ ನಿಂತಿತ್ತು. ಈಗ ಅದನ್ನು ಮತ್ತೆ ನೀರಿಗಿಳಿಸಬೇಕೆಂಬ ಆಸೆಯಿಂದ ಒಂದೊಂದೇ ಭಾಗವನ್ನು ಬಿಚ್ಚಿ ಶುಚಿಗೊಳಿಸುತ್ತಿದ್ದೇನೆ. ಗೇರ್ ಪೆಟ್ಟಿಗೆಯ ಸೀಲ್ (ಶಾಫ್ಟಿನ ಸುತ್ತ ನೀರು ಒಳಹೋಗದಂತೆ ತಡೆಯುವ ಉಂಗುರ) ಬದಲಿಸಬೇಕಾದರೆ ಮೊದಲು ಪ್ರೊಪೆಲ್ಲರ್ ಹೊರಬರಬೇಕು. ತುದಿಯಲ್ಲಿದ್ದ ಕಾಟರ್ ಪಿನ್ನಿನ (ರಂಧ್ರದಲ್ಲಿ ತೂರಿಸಿ ಕಾಲು ಬಾಗಿಸುವ ಸೀಳು ಪಿನ್) ಕಾಲುಗಳನ್ನು ಇಕ್ಕಳದಿಂದ ನೆಟ್ಟಗೆ ಮಾಡಿ ಎಳೆದಾಗ ಅದು ಎರಡು ತುಂಡಾದರೂ ಹೊರಬಂದಿತು, ಅದರ ಹಿಂದೆಯೇ ಶಂಕುವಿನಾಕಾರದ ಮುಚ್ಚಳವೂ ಬಂದಿತು. ಆದರೆ ಪ್ರೊಪೆಲ್ಲರ್ ಮಾತ್ರ ಕೂದಲೆಳೆಯಷ್ಟೂ ಹಿಂದಕ್ಕೆ ಸರಿಯುತ್ತಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದರೆ ಆಚೀಚೆ ಸ್ವಲ್ಪ ಆಡುತ್ತದೆ, ಆಮೇಲೆ ನಿಂತುಬಿಡುತ್ತದೆ. ಶಾಫ್ಟಿನ ತುದಿಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರೆ ಸಡಿಲವಾಗುತ್ತದೆಂದು ಪರಿಚಿತರೊಬ್ಬರು ಹೇಳಿದರು. ಹಾಗೆ ಮಾಡುವ ಮೊದಲು ತಿಳಿದವರನ್ನು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಗೇರ್‌ಪೆಟ್ಟಿಗೆ:

ಏಟು ಕೊಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು, ದೋಣಿಯಾತ್ರಿ ಅವರೇ. ದಯವಿಟ್ಟು ಶಾಫ್ಟಿನ ತುದಿಗೆ ಹೊಡೆಯಬೇಡಿ. 1909ರಲ್ಲಿ ಓಲೆ ಎವಿನ್‌ರೂಡ್ ಮಾರಾಟಕ್ಕೆ ತಂದ ಮೋಟರಿನಿಂದ ಹಿಡಿದು ನಿಮ್ಮ ಮೋಟರಿನವರೆಗೆ ಕೆಳಭಾಗದ ರಚನೆ ಮೂಲತಃ ಒಂದೇ: ಮೇಲಿನಿಂದ ಇಳಿದು ಬರುವ ನಿಂತ ಶಾಫ್ಟು ಪುಟ್ಟ ಬೆವೆಲ್ ಗೇರುಗಳ (ಓರೆ ಅಂಚಿನ ಹಲ್ಲುಚಕ್ರಗಳ) ಮೂಲಕ ಅಡ್ಡ ಶಾಫ್ಟನ್ನು ತಿರುಗಿಸುತ್ತದೆ. ತುದಿಗೆ ಬಿದ್ದ ಸುತ್ತಿಗೆಯ ಏಟು ನೇರವಾಗಿ ಆ ಗೇರಿನ ಹಲ್ಲುಗಳಿಗೂ, ಅವುಗಳ ಹಿಂದಿರುವ ಬೇರಿಂಗಿಗೂ, ಎಲ್ಲವನ್ನೂ ಹೊತ್ತಿರುವ ಎರಕದ ಅಲ್ಯೂಮಿನಿಯಂ ಪೆಟ್ಟಿಗೆಗೂ ಮುಟ್ಟುತ್ತದೆ. ಪ್ರೊಪೆಲ್ಲರ್ ಹಾಳಾದರೆ ಇನ್ನೊಂದನ್ನು ಹುಡುಕಬಹುದು. ಅಷ್ಟು ಹಳೆಯ ಗೇರ್ ಪೆಟ್ಟಿಗೆ ಬಿರುಕು ಬಿಟ್ಟರೆ ಮೋಟರಿನ ಕಥೆ ಅಲ್ಲಿಗೇ ಮುಗಿಯಿತು. ಇದೇ ಕಾರಣಕ್ಕೆ ಪ್ರೊಪೆಲ್ಲರ್ ಮತ್ತು ಪೆಟ್ಟಿಗೆಯ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದೂ ಬೇಡ.

ಮುಂದಿನ ಕೆಲಸಕ್ಕೆ ಮೊದಲು ಎರಡೂ ಸ್ಪಾರ್ಕ್ ಪ್ಲಗ್ಗುಗಳಿಂದ ವೈರುಗಳನ್ನು ಕಳಚಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟಿಬಿಡಿ. ಈ ಕಾಲದ ಮೋಟರುಗಳಲ್ಲಿ ಕಿಡಿ ಹುಟ್ಟುವುದು ಫ್ಲೈವೀಲ್ ಕೆಳಗಿನ ಮ್ಯಾಗ್ನೆಟೋದಿಂದ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಗೇರ್ ಹಾಕಿರುವಾಗ ಪ್ರೊಪೆಲ್ಲರನ್ನು ಜೋರಾಗಿ ತಿರುಗಿಸಿದರೆ ಫ್ಲೈವೀಲೂ ತಿರುಗುತ್ತದೆ, ಸಿಲಿಂಡರಿನಲ್ಲಿ ಉಳಿದ ಇಂಧನ ಹೊತ್ತಿಕೊಂಡರೆ ರೆಕ್ಕೆ ಕೈಗೆ ಬಡಿಯುತ್ತದೆ. ನ್ಯೂಟ್ರಲ್ಲೇ ಇಲ್ಲದ ಹಳೆಯ ಮೋಟರುಗಳೂ ಬಹಳವಿವೆ. ಅವುಗಳಲ್ಲಿ ಪ್ರೊಪೆಲ್ಲರ್ ಸದಾ ಎಂಜಿನ್ನಿಗೆ ಜೋಡಿಕೊಂಡೇ ಇರುತ್ತದೆ.

ಇನ್ನು ನಿಮ್ಮಿಂದ ತಿಳಿಯಬೇಕಾದದ್ದು ಒಂದು. ಪ್ರೊಪೆಲ್ಲರ್ ಸ್ವಲ್ಪ ಆಡುತ್ತದೆ ಎಂದಿರಿ. ಆಗ ಶಾಫ್ಟೂ ಅದರ ಜೊತೆಗೇ ಆಡುತ್ತದೆಯೋ, ಶಾಫ್ಟು ನಿಂತು ಪ್ರೊಪೆಲ್ಲರ್ ಮಾತ್ರ ಆಡುತ್ತದೆಯೋ? ಶಾಫ್ಟಿನ ತುದಿಯಿಂದ ಹಬ್ಬಿನ (ರೆಕ್ಕೆಗಳು ಕೂಡಿಕೊಂಡಿರುವ ನಡುಭಾಗದ) ಹೊರ ಅಂಚಿನವರೆಗೆ ಮಾರ್ಕರ್ ಪೆನ್ನಿನಿಂದ ಒಂದೇ ನೇರ ಗೆರೆ ಎಳೆದು, ತಿರುಗಿಸಿ ನೋಡಿ ತಿಳಿಸಿ.

ದೋಣಿಯಾತ್ರಿ:

ವೈರುಗಳನ್ನು ಕಳಚಿ ಕಟ್ಟಿದ್ದೇನೆ. ಹೇಳಿದಂತೆ ಗೆರೆ ಎಳೆದು ನೋಡಿದೆ. ಪ್ರೊಪೆಲ್ಲರನ್ನು ಆಚೀಚೆ ಆಡಿಸಿದಾಗ ಗೆರೆ ಎಲ್ಲೂ ಮುರಿಯುವುದಿಲ್ಲ. ಶಾಫ್ಟೂ ಹಬ್ಬೂ ಒಟ್ಟಿಗೇ ತಿರುಗುತ್ತವೆ. ಮುಚ್ಚಳ ಕೂತಿದ್ದ ಜಾಗವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದಾಗ ಹಬ್ಬಿನ ಹಿಂಬದಿಯಲ್ಲಿ ಒಂದು ಅಡ್ಡ ಕಚ್ಚು ಕಾಣಿಸಿತು. ಅದರೊಳಗೆ ಬಿಳಿಯ ಪುಡಿ ಗಟ್ಟಿಯಾಗಿ ತುಂಬಿಕೊಂಡಿದೆ. ಹಬ್ಬಿನ ನಡುವೆ ಉಂಗುರದಂತೆ ಕಪ್ಪು ವಸ್ತುವೊಂದು ಕಾಣುತ್ತದೆ, ರಬ್ಬರಿನಂತಿದೆ.

ಗೇರ್‌ಪೆಟ್ಟಿಗೆ:

ಅರ್ಧ ಉತ್ತರ ನಿಮ್ಮ ಗೆರೆಯಲ್ಲೇ ಇದೆ. ಗೆರೆ ಮುರಿಯಲಿಲ್ಲ ಎಂದರೆ ನಿಮಗೆ ಸಿಕ್ಕಿದ ಆ ಸಣ್ಣ ಆಟ ಪ್ರೊಪೆಲ್ಲರಿನದಲ್ಲ, ಒಳಗಿನ ಗೇರುಗಳ ನಡುವೆ ಸಹಜವಾಗಿ ಇರುವ ಸಡಿಲ. ಎಷ್ಟೋ ಜನ ಇದನ್ನು ಕಂಡು ಪ್ರೊಪೆಲ್ಲರ್ ಇನ್ನೇನು ಬಂದೇ ಬಿಡುತ್ತದೆಂದು ಭಾವಿಸಿ ಬಲ ಹಾಕಿ ಕೆಡಿಸುತ್ತಾರೆ.

ಆ ಅಡ್ಡ ಕಚ್ಚಿನಲ್ಲಿರುವುದೇ ಶಿಯರ್ ಪಿನ್. ಅದು ಶಾಫ್ಟನ್ನು ಅಡ್ಡಲಾಗಿ ತೂರಿ, ಎರಡೂ ತುದಿಗಳನ್ನು ಹಬ್ಬಿನ ಕಚ್ಚಿನಲ್ಲಿ ಊರಿಕೊಂಡು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ರೆಕ್ಕೆ ಬಂಡೆಗೋ ಮರದ ದಿಮ್ಮಿಗೋ ಬಡಿದಾಗ ತಾನು ಕತ್ತರಿಸಿಹೋಗಿ ಗೇರುಗಳನ್ನು ಉಳಿಸುತ್ತದೆ. ಪಿನ್ ಅಲ್ಲಿರುವವರೆಗೆ ಪ್ರೊಪೆಲ್ಲರ್ ಹಿಂದಕ್ಕೆ ಬರುವುದು ಸಾಧ್ಯವೇ ಇಲ್ಲ, ಏಕೆಂದರೆ ಕಚ್ಚಿನ ತಳ ಪಿನ್ನಿಗೇ ಬಂದು ತಡೆಯುತ್ತದೆ. ನೀವು ಈವರೆಗೆ ಎಳೆದದ್ದೆಲ್ಲ ಆ ಪಿನ್ನಿನ ವಿರುದ್ಧ. ಮೊದಲು ಸೂಜಿಯಂಥ ಮೊನೆಯಿಂದ ಬಿಳಿಯ ಪುಡಿಯನ್ನೆಲ್ಲ ಕೆದಕಿ ತೆಗೆದು ಪಿನ್ನಿನ ಎರಡೂ ತುದಿಗಳು ಕಾಣುವಂತೆ ಮಾಡಿ.

ಬೆಂಕಿಕುಲುಮೆ:

ನನ್ನ ಅನುಭವದಲ್ಲಿ ಇಷ್ಟೆಲ್ಲ ಸೂಕ್ಷ್ಮದ ಅಗತ್ಯವಿಲ್ಲ. ಗ್ಯಾಸ್ ಬರ್ನರಿನಿಂದ ಹಬ್ಬನ್ನು ಚೆನ್ನಾಗಿ ಕಾಯಿಸಿದರೆ ಅಲ್ಯೂಮಿನಿಯಂ ಹಿಗ್ಗುತ್ತದೆ, ಪಿನ್ನೂ ಪ್ರೊಪೆಲ್ಲರೂ ಎರಡೂ ಸಡಿಲವಾಗುತ್ತವೆ. ಟ್ರ್ಯಾಕ್ಟರಿನ ಪುಲ್ಲಿಗಳನ್ನು ನಾನು ಹೀಗೆಯೇ ಕಳಚುತ್ತೇನೆ.

ಲೋಹಮಿತ್ರ:

ಬೆಂಕಿಕುಲುಮೆ ಅವರೇ, ಪುಲ್ಲಿಯ ವಿಷಯದಲ್ಲಿ ನಿಮ್ಮ ಮಾತು ಸರಿ. ಈ ಪ್ರೊಪೆಲ್ಲರಿನಲ್ಲಿ ಮಾತ್ರ ನಡುವೆ ರಬ್ಬರ್ ಇದೆ ಎಂಬುದನ್ನು ಗಮನಿಸಬೇಕು. ಹೊರಗಿನ ಹಬ್ಬು ಅಲ್ಯೂಮಿನಿಯಂ, ಅದರೊಳಗೆ ರಬ್ಬರಿನ ಬುಶ್ಶು, ರಬ್ಬರಿನೊಳಗೆ ಹಿತ್ತಾಳೆ ಅಥವಾ ಕಂಚಿನ ತೋಳು, ಆ ತೋಳು ಕೂರುವುದು ಶಾಫ್ಟಿನ ಮೇಲೆ. ಹಿಡಿದುಕೊಂಡಿರುವುದು ತೋಳಿಗೂ ಶಾಫ್ಟಿಗೂ ನಡುವೆ. ರಬ್ಬರ್ ಶಾಖವನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲವಾದ್ದರಿಂದ, ಹೊರಗಿನಿಂದ ಬೆಂಕಿ ಹಿಡಿದರೆ ತೋಳು ಬೆಚ್ಚಗಾಗುವ ಮೊದಲೇ ರಬ್ಬರ್ ಸುಟ್ಟು ಹಿಡಿತ ಕಳೆದುಕೊಳ್ಳುತ್ತದೆ. ಮುಂದೆ ಮೋಟರ್ ಓಡಿಸಿದಾಗ ಎಂಜಿನ್ ಮೊರೆಯುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಜೊತೆಗೆ ಹಬ್ಬಿನ ಮುಂದೆಯೇ ಶಾಫ್ಟಿನ ಸೀಲ್ ಇದೆ, ಅದೂ ರಬ್ಬರೇ. ಅದು ಹೇಗೂ ಬದಲಾಗುವುದಾದರೂ ಅದರ ಪಕ್ಕದ ಪೆಟ್ಟಿಗೆ ಬದಲಾಗುವುದಿಲ್ಲ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ, ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡದೆ ಒಮ್ಮೆಲೇ ಕುಸಿಯುತ್ತದೆ.

ಶಾಖ ಬೇಕೇಬೇಕಾದರೆ ಕುದಿಯುವ ನೀರು ಸಾಕು. ಹಬ್ಬಿಗೆ ದಪ್ಪ ಬಟ್ಟೆ ಸುತ್ತಿ, ಹಿಂಬದಿಯ ಕಚ್ಚಿನ ಕಡೆಯಿಂದ ತೋಳಿಗೆ ತಾಗುವಂತೆ ನಿಧಾನವಾಗಿ ಸುರಿಯಿರಿ. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ರಬ್ಬರಿಗೆ ಅಪಾಯವಿಲ್ಲ. ಶಾಖದಿಂದ ಸಿಗುವ ಲಾಭ ಎಷ್ಟು ಸಣ್ಣದು ಎಂಬುದೂ ತಿಳಿದಿರಲಿ: ಹಿತ್ತಾಳೆ ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 19 ಭಾಗ ಹಿಗ್ಗುತ್ತದೆ. 12.5 ಮಿ.ಮೀ. ರಂಧ್ರದ ತೋಳನ್ನು 70 ಡಿಗ್ರಿಯಷ್ಟು ಬಿಸಿ ಮಾಡಿದರೆ ರಂಧ್ರ ಹಿಗ್ಗುವುದು 0.017 ಮಿ.ಮೀ. ಮಾತ್ರ, ಅದೂ ಶಾಫ್ಟು ತಣ್ಣಗೆ ಉಳಿದರೆ. ಎರಡೂ ಒಟ್ಟಿಗೆ ಬಿಸಿಯಾದರೆ ಆ ಲಾಭದ ಬಹುಪಾಲು ಹೋಗಿಬಿಡುತ್ತದೆ. ಆದರೂ ಗಟ್ಟಿಯಾಗಿ ಕೂತ ತುಕ್ಕಿನ ಪದರ ಬಿಸಿ ಮತ್ತು ತಂಪಿನ ನಡುವೆ ನಾಲ್ಕಾರು ಬಾರಿ ಹಿಗ್ಗಿ ಕುಗ್ಗಿದಾಗ ಬಿರುಕು ಬಿಡುತ್ತದೆ, ಆ ಬಿರುಕಿನೊಳಕ್ಕೆ ಎಣ್ಣೆ ಇಳಿಯುತ್ತದೆ. ಒಮ್ಮೆ ಜೋರಾಗಿ ಕಾಯಿಸುವುದಕ್ಕಿಂತ ಹಲವು ಬಾರಿ ಹದವಾಗಿ ಕಾಯಿಸುವುದು ಮೇಲು ಎಂದು ನಾನು ಹೇಳುವುದು ಇದಕ್ಕಾಗಿ.

ಆ ಬಿಳಿಯ ಪುಡಿಯ ಬಗ್ಗೆಯೂ ಒಂದು ಮಾತು. ಅದು ಅಲ್ಯೂಮಿನಿಯಂ ತುಕ್ಕು. ಉಪ್ಪುನೀರಿನಲ್ಲಿ ಅಲ್ಯೂಮಿನಿಯಮ್ಮೂ ಸ್ಟೇನ್‌ಲೆಸ್ ಉಕ್ಕು ಅಥವಾ ಹಿತ್ತಾಳೆಯೂ ಒಂದಕ್ಕೊಂದು ತಾಗಿಕೊಂಡಿದ್ದರೆ ಅವೆರಡೂ ಸೇರಿ ಸಣ್ಣ ಬ್ಯಾಟರಿಯಂತೆ ವರ್ತಿಸುತ್ತವೆ, ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಹುಟ್ಟಿದ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಆದ್ದರಿಂದ ಬಿಗಿಯಾದ ಸಂದಿಯಲ್ಲಿ ಬೆಣೆಯಂತೆ ಕೂತುಬಿಡುತ್ತದೆ. ಈ ಮೋಟರ್ ಸಮುದ್ರದಲ್ಲಿ ಓಡಿರಬೇಕು.

ದೋಣಿಯಾತ್ರಿ:

ಹೌದು, ಸಮುದ್ರಕ್ಕೆ ಸೇರುವ ಹಿನ್ನೀರಿನಲ್ಲೇ ಹೆಚ್ಚು ಓಡಿದೆ. ಪುಡಿಯನ್ನೆಲ್ಲ ಕೆದಕಿದ ಮೇಲೆ ಪಿನ್ ಕಂಡಿತು. ಹಳದಿ ಬಣ್ಣದ ಲೋಹ. ಒಂದು ಬದಿಯ ತುದಿ ಕಚ್ಚಿನ ನಡುವೆ ನೇರವಾಗಿ ಕೂತಿದೆ, ಇನ್ನೊಂದು ಬದಿಯದು ಕಚ್ಚಿನ ಗೋಡೆಗೆ ಒತ್ತಿ ಓರೆಯಾದಂತೆ ಕಾಣುತ್ತದೆ. ಪಂಚ್ (ಪಿನ್ ಹೊರತಳ್ಳುವ ಉಕ್ಕಿನ ಕಡ್ಡಿ) ಇಟ್ಟು ಮೆಲ್ಲಗೆ ತಟ್ಟಿದೆ, ಅಲುಗಲಿಲ್ಲ. ಡ್ರಿಲ್ ಹಾಕಿ ಕೊರೆದುಬಿಡಲೇ?

ಗೇರ್‌ಪೆಟ್ಟಿಗೆ:

ಈಗಲೇ ಕೊರೆಯಬೇಡಿ. ನೀವು ವರ್ಣಿಸಿದ್ದು ಅರ್ಧ ಕತ್ತರಿಸಿದ ಪಿನ್ನಿನ ಲಕ್ಷಣ. ಎಂದೋ ಒಮ್ಮೆ ರೆಕ್ಕೆ ಯಾವುದಕ್ಕೋ ಬಡಿದಿದೆ, ಪಿನ್ ಪೂರ್ತಿ ತುಂಡಾಗದೆ ಶಾಫ್ಟಿನ ಅಂಚಿನಲ್ಲಿ ಮೆಟ್ಟಿಲಿನಂತೆ ಸರಿದು ನಿಂತಿದೆ. ಆ ಮೆಟ್ಟಿಲು ಇರುವವರೆಗೆ ಎಷ್ಟು ತಟ್ಟಿದರೂ ಪಿನ್ ಶಾಫ್ಟಿನ ರಂಧ್ರದೊಳಗೆ ಜಾರುವುದಿಲ್ಲ. ಹಿತ್ತಾಳೆ ಮೆದು ಲೋಹವಾದ್ದರಿಂದ ಅದರ ತಲೆ ಅಣಬೆಯಂತೆ ಅಗಲವಾಗಿ ಇನ್ನಷ್ಟು ಬಿಗಿಯಾಗುತ್ತದೆ.

ಮೊದಲು ಮೆಟ್ಟಿಲನ್ನು ನೇರ ಮಾಡಬೇಕು. ಗೇರ್ ಹಾಕಿ, ಫ್ಲೈವೀಲ್ ತಿರುಗದಂತೆ ಯಾರಾದರೂ ಮೇಲಿನಿಂದ ಹಿಡಿದುಕೊಳ್ಳಲಿ. ಪಿನ್ನಿನ ಓರೆ ಯಾವ ಕಡೆಗೆ ಬಿದ್ದಿದೆಯೋ ಅದಕ್ಕೆ ವಿರುದ್ಧವಾಗಿ ಪ್ರೊಪೆಲ್ಲರನ್ನು ಎರಡು ಕೈಗಳಿಂದ, ಎರಡು ರೆಕ್ಕೆಗಳ ಬುಡ ಹಿಡಿದು, ಸಮವಾಗಿ ಒತ್ತಿ ತಿರುಗಿಸಿ. ರೆಕ್ಕೆಯ ತುದಿ ಹಿಡಿದರೆ ಅದೇ ಬಾಗೀತು. ಹೀಗೆ ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಪಿನ್ನಿಗಿಂತ ತುಸು ಸಣ್ಣ ಪಂಚಿನಿಂದ, ಓರೆಯಾಗದ ತುದಿಯ ಕಡೆಯಿಂದ ತಟ್ಟಬೇಕು. ಶಾಫ್ಟಿನ ಕೆಳಗೆ ಗಟ್ಟಿ ಮರದ ತುಂಡೊಂದನ್ನು ನೆಲದಿಂದ ಆನಿಸಿ ನಿಲ್ಲಿಸಿ, ಅದರ ತಲೆಯನ್ನು ಶಾಫ್ಟು ಕೂರುವಂತೆ ಕೊರೆದುಕೊಳ್ಳಿ, ಪಿನ್ ಹೊರಬರಲು ಕೆಳಗೆ ಜಾಗ ಬಿಡಿ. ಆಧಾರವಿಲ್ಲದೆ ತಟ್ಟಿದರೆ ಶಾಫ್ಟು ಬಾಗುತ್ತದೆ. ಬಾಗಿದ ಶಾಫ್ಟು ಎಷ್ಟು ಹೊಸ ಸೀಲ್ ಹಾಕಿದರೂ ನೀರು ಬಿಡುತ್ತದೆ.

ಕಂಚಿನಕೈ:

ಎಣ್ಣೆಯ ವಿಷಯ ಯಾರೂ ವಿವರವಾಗಿ ಹೇಳಲಿಲ್ಲ. ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ ಯಾವುದಾದರೂ ಆದೀತು. ಆಟೋಮ್ಯಾಟಿಕ್ ಗೇರಿನ ಎಣ್ಣೆ ಮತ್ತು ಅಸಿಟೋನನ್ನು ಸಮಪಾಲು ಬೆರೆಸಿ ಬಳಸುವವರೂ ಇದ್ದಾರೆ. ನಾನೂ ಅದನ್ನೇ ನಂಬಿದ್ದೇನೆ. ಆದರೆ ಅಸಿಟೋನ್ ಬಣ್ಣವನ್ನೂ ರಬ್ಬರನ್ನೂ ತಿನ್ನುತ್ತದೆ, ಅದರ ಆವಿ ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೆ. ನಿಮ್ಮ ಹಬ್ಬಿನಲ್ಲಿ ರಬ್ಬರ್ ಇರುವುದರಿಂದ ಆ ಮಿಶ್ರಣವನ್ನು ಬಿಟ್ಟು ಸಾದಾ ಎಣ್ಣೆಯನ್ನೇ ಆಯ್ದುಕೊಳ್ಳಿ. ಮೋಟರನ್ನು ಪ್ರೊಪೆಲ್ಲರ್ ಮೇಲ್ಮುಖವಾಗುವಂತೆ ಓರೆ ಮಾಡಿ ಕಟ್ಟಿದರೆ ಎಣ್ಣೆ ತೋಳಿನ ಸಂದಿಯಲ್ಲಿ ನಿಂತು ತಾನಾಗಿ ಒಳಗಿಳಿಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಾಲ್ಕೈದು ದಿನ ಹಾಕಿ. ಒಂದೇ ಸಂಜೆಯಲ್ಲಿ ಮುಗಿಸಲು ಹೊರಟು ನಾನೊಮ್ಮೆ ಶಾಫ್ಟಿನ ತುದಿಯ ಕಾಟರ್ ಪಿನ್ನಿನ ರಂಧ್ರವನ್ನೇ ಜಜ್ಜಿ ಮುಚ್ಚಿಬಿಟ್ಟಿದ್ದೆ. ಅದನ್ನು ಮತ್ತೆ ಕೊರೆದು ಸರಿಪಡಿಸಲು ಬೇಕಾದ ದಿನಗಳು ಎಣ್ಣೆಗೆ ಕಾಯಬೇಕಿದ್ದ ದಿನಗಳಿಗಿಂತ ಹೆಚ್ಚಾದವು.

ಹೊಸದೋಣಿ:

ನಡುವೆ ಬಂದು ಕೇಳುತ್ತಿರುವುದಕ್ಕೆ ಕ್ಷಮಿಸಿ. ನನ್ನ ಬ್ರಿಟಿಷ್ ಸೀಗಲ್ ಮೋಟರಿನಲ್ಲಿ ಪಿನ್ನಿನ ಬದಲು ದಪ್ಪ ಸ್ಪ್ರಿಂಗ್ ಇದೆ. ಅದಕ್ಕೂ ಇದೇ ಕ್ರಮವೇ?

ಕಂಚಿನಕೈ:

ಇಲ್ಲ, ಅದು ಬೇರೆ ಜಾತಿ. ಸೀಗಲ್‌ನ ಅನೇಕ ಮಾದರಿಗಳಲ್ಲಿ ಶಾಫ್ಟಿನಿಂದ ಪ್ರೊಪೆಲ್ಲರಿಗೆ ಬಲ ಒಯ್ಯುವುದೇ ಆ ಸುರುಳಿ ಸ್ಪ್ರಿಂಗ್. ರೆಕ್ಕೆ ಬಡಿದಾಗ ಅದು ಹೊಡೆತವನ್ನು ನುಂಗಿಕೊಳ್ಳುತ್ತದೆ. ತುದಿಯ ಕಾಟರ್ ಪಿನ್ ತೆಗೆದರೆ ಸಾಮಾನ್ಯವಾಗಿ ಎಲ್ಲವೂ ಸಾಲಾಗಿ ಹೊರಬರುತ್ತದೆ. ಸ್ಪ್ರಿಂಗಿನ ಎರಡು ಕೊಕ್ಕೆಗಳು ಎಲ್ಲಿ ಕೂತಿದ್ದವೆಂದು ಕಳಚುವ ಮೊದಲೇ ಫೋಟೋ ತೆಗೆದಿಡಿ. ಇನ್ನೂ ಈಚಿನ ಮೋಟರುಗಳಲ್ಲಿ ಪಿನ್ನೂ ಇಲ್ಲ, ಸ್ಪ್ರಿಂಗೂ ಇಲ್ಲ. ಶಾಫ್ಟಿನ ಮೇಲೆ ಉದ್ದುದ್ದ ಹಲ್ಲುಗಳಿದ್ದು ಹಿಂದೆ ದೊಡ್ಡ ನಟ್ ಕೂರುತ್ತದೆ. ಆ ನಟ್ ಬಿಚ್ಚುವಾಗ ರೆಕ್ಕೆಗೂ ಮೇಲಿನ ಅಡ್ಡ ತಟ್ಟೆಗೂ ನಡುವೆ ಮರದ ತುಂಡು ಸಿಕ್ಕಿಸಿ ಪ್ರೊಪೆಲ್ಲರನ್ನು ನಿಲ್ಲಿಸಿಕೊಳ್ಳಬೇಕು.

ದೋಣಿಯಾತ್ರಿ:

ಐದು ದಿನಗಳ ನಂತರ ಬರೆಯುತ್ತಿದ್ದೇನೆ. ಬೆಳಿಗ್ಗೆ ಸಂಜೆ ಎಣ್ಣೆ ಹಾಕಿದೆ, ದಿನಕ್ಕೆರಡು ಬಾರಿ ಬಿಸಿನೀರು ಸುರಿದೆ. ಇಂದು ಮಗ ಫ್ಲೈವೀಲ್ ಹಿಡಿದುಕೊಂಡ, ನಾನು ಪ್ರೊಪೆಲ್ಲರನ್ನು ಹಿಂದಕ್ಕೆ ಒತ್ತಿದೆ, ನನ್ನ ತಮ್ಮ ಪಂಚಿನಿಂದ ತಟ್ಟಿದ. ಮೂರನೆಯ ಏಟಿಗೆ ಪಿನ್ ಜಾರಿತು. ಕೈಗೆ ಬಂದಾಗ ನೋಡಿದರೆ ಗೇರ್‌ಪೆಟ್ಟಿಗೆ ಅವರು ಹೇಳಿದಂತೆಯೇ ಒಂದು ಕಡೆ ಮೆಟ್ಟಿಲು ಬಿದ್ದಿತ್ತು. ಆದರೆ ಪಿನ್ ಹೋದ ಮೇಲೂ ಪ್ರೊಪೆಲ್ಲರ್ ಬರುತ್ತಿಲ್ಲ. ಎರಡು ಕಾಲಿನ ಪುಲ್ಲರ್ (ನಡುವಿನ ಸ್ಕ್ರೂ ಬಿಗಿದಂತೆ ಭಾಗವನ್ನು ಎಳೆದು ತೆಗೆಯುವ ಉಪಕರಣ) ಇದೆ. ರೆಕ್ಕೆಗಳ ಹಿಂದೆ ಹಬ್ಬಿಗೆ ಸಿಕ್ಕಿಸಿ ಎಳೆಯಬಹುದೇ?

ಲೋಹಮಿತ್ರ:

ಹೊರಗಿನ ಹಬ್ಬಿಗೆ ಸಿಕ್ಕಿಸಬೇಡಿ. ಅಲ್ಲಿಂದ ಎಳೆದರೆ ಬಲವೆಲ್ಲ ರಬ್ಬರಿನ ಮೂಲಕವೇ ತೋಳಿಗೆ ಹೋಗಬೇಕು. ತೋಳು ಶಾಫ್ಟಿನ ಮೇಲೆಯೇ ಉಳಿದು, ರಬ್ಬರ್ ಹರಿದು, ಹೊರಗಿನ ಪ್ರೊಪೆಲ್ಲರ್ ಮಾತ್ರ ಕೈಗೆ ಬಂದೀತು. ಪ್ರೊಪೆಲ್ಲರಿಗೂ ಗೇರ್ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಹೋಗುವಷ್ಟು ದಪ್ಪದ ಉಕ್ಕಿನ ತಟ್ಟೆ ತೆಗೆದುಕೊಂಡು, ಶಾಫ್ಟು ಹಿಡಿಸುವಂತೆ ಒಂದು ಬದಿಯಿಂದ ಲಾಳದಾಕಾರದಲ್ಲಿ ಕತ್ತರಿಸಿಕೊಳ್ಳಿ. ಅದು ಮುಂಬದಿಯಿಂದ ಒಳಗಿನ ತೋಳಿನ ಅಂಚಿಗೇ ಆನಿಕೊಂಡು ಕೂರಬೇಕು. ಪುಲ್ಲರಿನ ಕಾಲುಗಳು ಆ ತಟ್ಟೆಯನ್ನು ಹಿಡಿಯಲಿ. ನಡುವಿನ ಸ್ಕ್ರೂ ಶಾಫ್ಟಿನ ತುದಿಯನ್ನು ಒತ್ತುವಲ್ಲಿ ಹಿತ್ತಾಳೆಯ ಬಿಲ್ಲೆಯೊಂದನ್ನು ಇಡಿ, ಕಾಟರ್ ರಂಧ್ರ ಜಜ್ಜದಿರಲಿ.

ಸುತ್ತಿಗೆ ಬೇಡವೆಂದವರು ಪುಲ್ಲರಿಗೆ ಹೇಗೆ ಒಪ್ಪುತ್ತೀರಿ ಎಂದು ಯಾರಾದರೂ ಕೇಳಬಹುದು. ದೋಣಿ ಮುಂದೆ ಓಡುವಾಗ ಪ್ರೊಪೆಲ್ಲರ್ ಶಾಫ್ಟನ್ನು ಮುಂದಕ್ಕೇ ಒತ್ತುತ್ತಿರುತ್ತದೆ, ಆ ಒತ್ತಡ ಹೊರಲು ಒಳಗೆ ವ್ಯವಸ್ಥೆ ಇದೆ. ಪುಲ್ಲರಿನ ನಿಧಾನವಾದ ಒತ್ತಡ ಅದೇ ದಿಕ್ಕಿನದು. ಸುತ್ತಿಗೆಯ ಏಟು ಕ್ಷಣಮಾತ್ರದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬಲ ಹೇರುತ್ತದೆ. ಸ್ಕ್ರೂವನ್ನು ಕೈಬಿಗಿಯಷ್ಟು, ಆಮೇಲೆ ಕಾಲು ಸುತ್ತು ಬಿಗಿದು ಹಾಗೆಯೇ ಬಿಡಿ, ಬಿಸಿನೀರು ಸುರಿಯಿರಿ, ಗಂಟೆಗೊಮ್ಮೆ ಮತ್ತೆ ತುಸು ಬಿಗಿಯಿರಿ. ರಾತ್ರಿಯಿಡೀ ಒತ್ತಡದಲ್ಲಿ ಬಿಟ್ಟರೂ ಪರವಾಗಿಲ್ಲ.

ಬೆಂಕಿಕುಲುಮೆ:

ಇಷ್ಟಾದರೂ ಬರದಿದ್ದರೆ ಹಬ್ಬನ್ನು ಉದ್ದಕ್ಕೆ ಸೀಳಿ ತೆಗೆಯುವುದು ಕೊನೆಯ ದಾರಿಯಲ್ಲವೇ? ಪ್ರೊಪೆಲ್ಲರ್ ಬಲಿಯಾದರೂ ಶಾಫ್ಟು ಉಳಿಯುತ್ತದೆ. ರಬ್ಬರಿನ ವಿಷಯದಲ್ಲಿ ನನ್ನ ಸಲಹೆ ತಪ್ಪಾಗಿತ್ತೆಂದು ಒಪ್ಪುತ್ತೇನೆ.

ಗೇರ್‌ಪೆಟ್ಟಿಗೆ:

ಕೊನೆಯ ದಾರಿಯಾಗಿ ಅದು ಸರಿಯೇ. ಆದರೆ ಸೀಳುವ ಮೊದಲು ಹಬ್ಬಿನ ಮೇಲಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಎರಡು ಅಂಕಿಗಳಿದ್ದರೆ ಸಾಮಾನ್ಯವಾಗಿ ಮೊದಲನೆಯದು ಇಂಚಿನಲ್ಲಿ ವ್ಯಾಸ, ಎರಡನೆಯದು ಪಿಚ್, ಅಂದರೆ ನೀರು ಜಾರದೆ ಇದ್ದಿದ್ದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುತ್ತಿದ್ದ ದೂರ. ಆ ಅಂಕಿಗಳಿಲ್ಲದೆ ಸರಿಯಾದ ಬದಲಿ ಹುಡುಕುವುದು ಕಷ್ಟ.

ದೋಣಿಯಾತ್ರಿ:

ಸೀಳುವ ಅಗತ್ಯ ಬರಲಿಲ್ಲ. ತಟ್ಟೆ ಕತ್ತರಿಸಿ, ನಿನ್ನೆ ಸಂಜೆ ಪುಲ್ಲರ್ ಬಿಗಿದು ಮಲಗಿದ್ದೆ. ಬೆಳಿಗ್ಗೆ ಎರಡನೆಯ ಬಾರಿ ಬಿಸಿನೀರು ಹಾಕುತ್ತಿದ್ದಾಗ ಟಕ್ ಎಂಬ ಸದ್ದಾಗಿ ಒಂದಿಷ್ಟು ಸರಿಯಿತು, ಅಲ್ಲಿಂದ ಮುಂದೆ ಸ್ಕ್ರೂ ತಿರುಗಿಸಿದಂತೆಲ್ಲ ಮೆಲ್ಲಗೆ ಹೊರಬಂತು. ತಂದೆಯವರ ಕೈಯಲ್ಲಿ ಕೊನೆಯ ಬಾರಿ ತಿರುಗಿದ್ದ ಪ್ರೊಪೆಲ್ಲರ್ ಒಂದು ಗೀರೂ ಇಲ್ಲದೆ ಮೇಜಿನ ಮೇಲಿದೆ. ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಅದರ ಹಿಂದೆ ಶಾಫ್ಟಿಗೆ ಮೀನಿನ ಗಾಳದ ನೈಲಾನ್ ದಾರ ಸುತ್ತಿಕೊಂಡು, ಕರಗಿ, ಗಟ್ಟಿ ಉಂಗುರದಂತಾಗಿತ್ತು. ಸೀಲ್‌ನ ತುಟಿ ಅಲ್ಲಲ್ಲಿ ಹರಿದಿದೆ. ಮುಂದೆ ಏನು ನೋಡಬೇಕು?

ಕಂಚಿನಕೈ:

ಬಹಳ ಸಂತೋಷವಾಯಿತು. ದಾರ ಸೀಲನ್ನು ಹರಿದಿರುವುದರಿಂದ ಗೇರ್ ಪೆಟ್ಟಿಗೆಯೊಳಗೆ ನೀರು ಹೋಗಿರುವ ಸಂಭವ ಹೆಚ್ಚು. ಮೋಟರನ್ನು ನೇರವಾಗಿ ಒಂದು ರಾತ್ರಿ ನಿಲ್ಲಿಸಿ, ಗೇರ್ ಪೆಟ್ಟಿಗೆಯ ಎಣ್ಣೆ ಬಸಿಯುವ ಕೆಳಗಿನ ಸ್ಕ್ರೂವನ್ನು ತುಸು ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಇದ್ದರೆ ಅದೇ ಮೊದಲು ಹೊರಬರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತು ಕಲಸಿಕೊಂಡಿದೆ ಎಂದರ್ಥ. ಆಗ ಸೀಲ್ ಬದಲಿಸಿದರೆ ಸಾಲದು, ಬೇರಿಂಗುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಒಳಗೂ ನೋಡಬೇಕು. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಕೊರಕಲಿದ್ದರೆ ಹೊಸ ಸೀಲೂ ಬೇಗ ಸೋರುತ್ತದೆ.

ಮರಳಿ ಜೋಡಿಸುವಾಗ ಶಾಫ್ಟಿಗೆ ನೀರಿಗೆ ಕರಗದ ಮರೈನ್ ಗ್ರೀಸನ್ನು ಧಾರಾಳವಾಗಿ ಹಚ್ಚಿ. ಗ್ರ್ಯಾಫೈಟ್ ಬೆರೆತ ಲೇಪ ಬೇಡ, ಉಪ್ಪುನೀರಿನಲ್ಲಿ ಅದು ಅಲ್ಯೂಮಿನಿಯಮ್ಮಿನ ಸವೆತವನ್ನು ಹೆಚ್ಚಿಸುತ್ತದೆ. ಕಾಟರ್ ಪಿನ್ ಹೊಸದಾಗಿ ಸ್ಟೇನ್‌ಲೆಸ್ ಉಕ್ಕಿನದೇ ಇರಲಿ, ಒಮ್ಮೆ ಬಾಗಿಸಿದ್ದನ್ನು ಮತ್ತೆ ಬಳಸಬೇಡಿ. ಶಿಯರ್ ಪಿನ್ನಿನ ಬದಲು ಮೊಳೆಯನ್ನೋ ಗಟ್ಟಿ ಉಕ್ಕಿನ ಸರಳನ್ನೋ ಹಾಕಬೇಡಿ, ಅದು ಕತ್ತರಿಸದಿದ್ದರೆ ಮುರಿಯುವುದು ಗೇರಿನ ಹಲ್ಲು. ಕೈಪಿಡಿ ಯಾವ ಲೋಹ ಹೇಳುತ್ತದೋ ಅದನ್ನೇ ಹಾಕಿ, ಒಂದೆರಡು ಹೆಚ್ಚಿನ ಪಿನ್ನುಗಳನ್ನು ಇಕ್ಕಳದ ಜೊತೆ ದೋಣಿಯಲ್ಲಿಟ್ಟುಕೊಳ್ಳಿ.

ಲೋಹಮಿತ್ರ:

ಒಂದನ್ನು ಸೇರಿಸುತ್ತೇನೆ. ಪ್ರೊಪೆಲ್ಲರ್ ಈಗ ಮೇಜಿನ ಮೇಲಿರುವಾಗಲೇ ಒಳಗಿನ ತೋಳಿನಿಂದ ರಬ್ಬರನ್ನು ದಾಟಿ ಹೊರಗಿನ ಹಬ್ಬಿನವರೆಗೆ ಚೂಪು ಮೊನೆಯಿಂದ ಸಣ್ಣ ಗೆರೆ ಕೊರೆಯಿರಿ. ಜೋಡಿಸಿ ಒಂದು ಗಂಟೆ ಪೂರ್ಣ ವೇಗದಲ್ಲಿ ಓಡಿಸಿದ ಮೇಲೆ ಮುಚ್ಚಳ ತೆಗೆದು ನೋಡಿ. ತೋಳಿನ ಗೆರೆ ಮತ್ತು ಹಬ್ಬಿನ ಗೆರೆ ಒಂದರ ಎದುರು ಒಂದು ಇಲ್ಲದಿದ್ದರೆ ರಬ್ಬರ್ ಜಾರುತ್ತಿದೆ, ಬುಶ್ಶು ಹೊಸದಾಗಿ ಹಾಕಿಸಬೇಕು.

ದೋಣಿಯಾತ್ರಿ:

ಗೆರೆ ಕೊರೆದೆ. ಕೆಳಗಿನ ಸ್ಕ್ರೂ ಸಡಿಲಿಸಿದಾಗ ಮೊದಲು ಚಮಚದಷ್ಟು ನೀರು ಬಂತು, ಅದರ ಹಿಂದೆ ಬಂದ ಎಣ್ಣೆ ಕಪ್ಪಾಗಿತ್ತು, ಬೆಳ್ಳಗಾಗಿರಲಿಲ್ಲ. ಶಾಫ್ಟಿನ ಮೇಲೆ ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಾಳೆ ಪೆಟ್ಟಿಗೆ ಬಿಚ್ಚಿ ಬೇರಿಂಗು ನೋಡಿ, ಹೊಸ ಸೀಲ್ ಕೂರಿಸುತ್ತೇನೆ.